ಮಲಗಿದವನ ಮೈಮೇಲೆ ಕೂತ ಗುರುತು

“ಉಜ್ಜಬೇಡಿ! ಕೈ ತೆಗೀರಿ ಅಂದೆ!”

ಗಾಯದಕ್ಕನ ಕೂಗಿಗೆ ಎಣ್ಣೆ ಬಟ್ಟಲು ಜಾರಿ ಮಂಚದ ಕಾಲಿಗೆ ಬಡಿಯಿತು. ಹಾಸಿಗೆಯ ಪಕ್ಕ ಬಗ್ಗಿ ನಿಂತಿದ್ದ ಮೇಷ್ಟ್ರ ಅಣ್ಣನ ಮಗ ಎಣ್ಣೆಗೈಯನ್ನು ಮೇಲೆತ್ತಿಕೊಂಡೇ ನೆಟ್ಟಗಾದ.

“ರಕ್ತ ಓಡಾಡ್ಲಿ ಅಂತ ಉಜ್ತಿದ್ದೆ ಸಿಸ್ಟರ್. ಪಾಪ, ಚಿಕ್ಕಪ್ಪಂಗೆ ಹೆಂಗೆ ಬಡಿದಿದ್ದಾಳೆ ನೋಡಿ ಆ ರಾಕ್ಷಸಿ!”

“ಒಳಗೆ ಮಾಂಸ ಜಜ್ಜಿ ಹೋಗಿದೆ. ಜಜ್ಜಿದ ಹಣ್ಣನ್ನ ಇನ್ನೂ ಹಿಸುಕಿದ್ರೆ ಸರಿಹೋಗುತ್ತಾ? ದೂರ ನಿಲ್ಲಿ. ಇನ್ನೂ ದೂರ.”

ಬಾಗಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ನೋಡುತ್ತಿದ್ದರು. ಆರಡಿ ಆಳು, ಹುರಿಮೀಸೆ, ಕಳ್ಳರನ್ನು ಕಂಡರೆ ಹುಲಿ; ಗಾಯ ಕಂಡರೆ ಮಾತ್ರ ಕಾಲು ನಡುಗುವ ಮನುಷ್ಯ.

“ಸಿಸ್ಟರ್, ಬೇಗ ಮುಗಿಸಿ. ನಿಮ್ಮ ನಾದಿನೀನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕು. ದೂರು ಬಂದಿದೆ, ನಾನು ಕೂತ್ಕೊಂಡು ಜೋಗುಳ ಹಾಡೋಕಾಗಲ್ಲ.”

ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ನಾದಿನಿ ಮೂಗು ಏರಿಸಿದಳು. ಗಾಯದಕ್ಕನ ಗಂಡನ ತಂಗಿ ಅವಳು. ಈ ಮನೆಯಲ್ಲಿ ಬೀಗದ ಮೇಷ್ಟ್ರ ಆರೈಕೆಯ ಕೆಲಸ ಅವಳದ್ದು. ಮೇಷ್ಟ್ರ ಮೈಮೇಲೆ ಇವತ್ತು ಬೆಳಿಗ್ಗೆ ನೇರಳೆ ಗುರುತು ಕಾಣಿಸಿಕೊಂಡಿತ್ತು. “ಹೊಡೆದಿದ್ದಾಳೆ” ಎಂದು ಅಣ್ಣನ ಮಗ ಪೊಲೀಸರಿಗೆ ಫೋನ್ ಮಾಡಿದ. ನಾದಿನಿ ಅತ್ತಿಗೆಗೆ ಫೋನ್ ಮಾಡಿದಳು. ಅತ್ತಿಗೆ ಆಸ್ಪತ್ರೆಯ ಗಾಯದ ವಿಭಾಗದ ಹಿರಿಯ ನರ್ಸ್. ಎಂಥ ಹುಣ್ಣನ್ನಾದರೂ ಮಾತಾಡಿಸಿ ಬರುವವಳು ಎಂದು ಎಲ್ಲರೂ ಅವಳಿಗೆ ಇಟ್ಟ ಹೆಸರು ಗಾಯದಕ್ಕ.

“ನಾನು ಹೊಡೀತೀನಾ ಅತ್ತಿಗೆ? ಸೊಳ್ಳೆ ಹೊಡೆಯೋಕೂ ನಿನ್ನನ್ನೇ ಕರೀತೀನಿ.”

“ಬಾಯಲ್ಲಿ ಹೊಡೀತೀಯಲ್ಲ, ಅದು ಸಾಲ್ದಾ? ಈಗ ಸುಮ್ನಿರು. ಕಿಟಕಿ ಪರದೆ ಪೂರ್ತಿ ಸರಿಸು. ನನಗೆ ಹಗಲು ಬೆಳಕು ಬೇಕು.”

ಪರದೆ ಸರಿಯಿತು. ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬಿತ್ತು.

ಮೇಷ್ಟ್ರು ಮಗ್ಗುಲಾಗಿ ಮಲಗಿದ್ದರು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಚಲನೆ ಹೋಗಿತ್ತು, ಸ್ಪರ್ಶವೂ ಹೋಗಿತ್ತು. ಮೇಲಿನ ಅರ್ಧ ಮಾತ್ರ ಇನ್ನೂ ಜಗಜಟ್ಟಿ. ಬೆರಳುಗಳು ಈಗಲೂ ಹಾಸಿಗೆಯ ಅಂಚಿನ ಮೇಲೆ ಏನನ್ನೋ ತಿರುಗಿಸುವಂತೆ ಆಡುತ್ತಿದ್ದವು. ಈ ಊರಿನಲ್ಲಿ ಕೀಲಿ ಕಳೆದವರೆಲ್ಲ ಒಂದು ಕಾಲಕ್ಕೆ ಓಡಿ ಬರುತ್ತಿದ್ದುದು ಆ ಬೆರಳುಗಳ ಹತ್ತಿರ.

“ಮೇಷ್ಟ್ರೇ, ಮುಟ್ಲಾ?”

“ಮುಟ್ಟವ್ವ. ನೀನು ಮುಟ್ಟಿದ್ದೂ ಗೊತ್ತಾಗಲ್ಲ, ಆನೆ ತುಳಿದದ್ದೂ ಗೊತ್ತಾಗಲ್ಲ. ಅರ್ಧ ಮೈಯಿ ಬಾಡಿಗೆ ಮನೆ ಇದ್ದ ಹಾಗೆ. ಒಳಗೆ ಏನು ನಡೀತಿದೆ ಅಂತ ಮಾಲೀಕಂಗೇ ಗೊತ್ತಿಲ್ಲ.”

ಗಾಯದಕ್ಕ ನಕ್ಕಳು. ಕೈಗವಸು ಏರಿಸಿದಳು. ನಗು ಅಲ್ಲಿಗೇ ನಿಂತಿತು.

ಎರಡು ಗುರುತುಗಳು. ಎಡ ಪೃಷ್ಠದ ಕೆಳಗೊಂದು, ಬಲದ ಕೆಳಗೊಂದು. ಎದುರುಬದುರಾಗಿ ಇಟ್ಟ ಎರಡು ಬಿಲ್ಲಿನಂತೆ ಬಾಗಿದ್ದವು. ಕಂದು ಚರ್ಮದ ಕೆಳಗೆ ಕಪ್ಪಿಗೆ ತಿರುಗಿದ ನೇರಳೆ. ಚರ್ಮ ಒಡೆದಿರಲಿಲ್ಲ.

ಅವಳು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಬಣ್ಣ ಮಾಸಲಿಲ್ಲ. ಪಕ್ಕದ ಚರ್ಮ ಒತ್ತಿದಳು. ಅದು ಒಂದು ಕ್ಷಣ ಬಿಳಚಿ ಮತ್ತೆ ತುಂಬಿಕೊಂಡಿತು. ಅಂಗೈಯ ಹಿಂಭಾಗವನ್ನು ಗುರುತಿನ ಹತ್ತಿರ ಇಟ್ಟಳು. ಸುತ್ತಲಿಗಿಂತ ಬಿಸಿ. ಅಂಚು ಗಟ್ಟಿ, ನಡುವೆ ಕೊಳೆಯಲು ಹೊರಟ ಹಣ್ಣಿನಷ್ಟು ಮೆತ್ತಗೆ.

“ಇನ್ಸ್‌ಪೆಕ್ಟರ್, ಇದು ಏಟಲ್ಲ.”

“ನಿಮ್ಮ ನಾದಿನಿ ಅಂತ ಹಾಗೆ ಹೇಳ್ತಿದೀರಾ?”

“ನಾದಿನಿಗೆ ನಾನು ಹೊಡೀಬೇಕು ಅಂತ ನೂರು ಸಲ ಅನ್ಕೊಂಡಿದೀನಿ. ಅದು ಬೇರೆ ಮಾತು. ಇಲ್ಲಿ ಬಂದು ನೋಡಿ.”

“ಬೇಡ. ಹೇಳಿ, ಕೇಳಿಸ್ಕೋತೀನಿ.”

“ಏಟು ಬಿದ್ದ ಕಡೆ ಹೀಗೆ ಅಳತೆ ಇಟ್ಟ ಹಾಗೆ ಎಡ ಬಲ ಒಂದೇ ಥರ ಇರಲ್ಲ. ಇದು ಒತ್ತಡದ ಗಾಯ. ಮೂಳೆ ಒಳಗಿನಿಂದ, ಗಟ್ಟಿ ಪದಾರ್ಥ ಹೊರಗಿನಿಂದ. ನಡುವೆ ಸಿಕ್ಕ ಮಾಂಸ ಉಸಿರು ಕಟ್ಟಿ ಸಾಯುತ್ತೆ. ಮೇಲಿನ ಚರ್ಮಕ್ಕೆ ಸುದ್ದಿ ತಲುಪೋದು ಆಮೇಲೆ.”

“ಆಮೇಲೆ ಅಂದ್ರೆ?”

“ಸಾಮಾನ್ಯವಾಗಿ ಎರಡು ಮೂರು ದಿನ.”

ಇನ್ಸ್‌ಪೆಕ್ಟರ್ ಗಡಿಯಾರದಿಂದ ಕಣ್ಣು ಕಿತ್ತರು. ಅಣ್ಣನ ಮಗ ಎಣ್ಣೆಗೈ ಒರೆಸಿಕೊಳ್ಳಲು ಬಟ್ಟೆ ಹುಡುಕತೊಡಗಿದ.

“ನೀನು ರಜೆಯಿಂದ ಬಂದದ್ದು ಯಾವಾಗ?” ಗಾಯದಕ್ಕ ನಾದಿನಿಯತ್ತ ತಿರುಗಿದಳು.

“ನಿನ್ನೆ ಮಂಗಳವಾರ. ಶನಿವಾರದಿಂದ ಜ್ವರ, ಮಲಗಿದ್ದೆ. ನಿನ್ನೆ ಮೈ ಒರೆಸಿದಾಗ ಬಣ್ಣ ಏನೂ ಇರ್ಲಿಲ್ಲ, ಸ್ವಲ್ಪ ಬಿಸಿ ಇತ್ತು. ಮಗ್ಗುಲು ಬದಲಾಯಿಸಿ ದಿಂಬು ಕೊಟ್ಟೆ. ಇವತ್ತು ಬೆಳಿಗ್ಗೆ ನೋಡ್ತೀನಿ, ಹೀಗೆ!”

“ಸರಿ. ಇವತ್ತು ಬುಧವಾರ. ಅಂದ್ರೆ ಈ ಮಾಂಸ ಜಜ್ಜಿದ್ದು ಭಾನುವಾರದ ಆಸುಪಾಸು. ಆಗ ಮೇಷ್ಟ್ರನ್ನ ನೋಡ್ಕೊಂಡಿದ್ದು ಯಾರು?”

ಎಲ್ಲರೂ ಅಣ್ಣನ ಮಗನನ್ನು ನೋಡಿದರು.

“ನಾನೇ. ಹೆತ್ತ ಮಗನ ಹಾಗೆ ನೋಡ್ಕೊಂಡೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ದೆ. ಊಟ ಬಾಯಿಗಿಟ್ಟೆ. ಹಾಸಿಗೆಯಿಂದ ಒಂದು ಅಂಗುಲ ಕೆಳಗಿಳಿಸಿಲ್ಲ, ಬೇಕಾದ್ರೆ ಚಿಕ್ಕಪ್ಪನ್ನೇ ಕೇಳಿ!”

ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಗಾಯದಕ್ಕ ಕೇಳಿದ್ದು ಬೇರೆಯವರನ್ನು. ಬೆನ್ನಿನ ತುದಿಯ ಮೂಳೆಯ ಮೇಲಿನ ಚರ್ಮವನ್ನು ಕೇಳಿದಳು. ಒತ್ತಿದಳು, ಬಿಟ್ಟಳು. ಸ್ವಚ್ಛ. ಹಿಮ್ಮಡಿ ಎತ್ತಿ ಬೆಳಕಿಗೆ ಹಿಡಿದಳು. ಸ್ವಚ್ಛ. ಭುಜದ ಹಲಗೆ, ತಲೆಯ ಹಿಂಭಾಗ, ಕಿವಿಯ ಅಂಚು. ಎಲ್ಲಾ ಸ್ವಚ್ಛ.

ಇಷ್ಟು ವರ್ಷಗಳಲ್ಲಿ ನೋಡಿದ ಹಾಸಿಗೆ ಹಿಡಿದ ಮೈಗಳಲ್ಲಿ ಹೀಗೆ ಎಂದೂ ಆಗಿರಲಿಲ್ಲ.

“ಇನ್ಸ್‌ಪೆಕ್ಟರ್, ಅಂಗಾತ ಮಲಗಿದವನ ಭಾರ ಎಲ್ಲಿ ಬೀಳುತ್ತೆ?”

“ಹಾಸಿಗೆ ಮೇಲೆ.”

“ಅಬ್ಬಾ, ಎಂಥ ತಲೆ! ಬೆನ್ನಿನ ತುದಿ ಮೇಲೆ, ಹಿಮ್ಮಡಿ ಮೇಲೆ. ಮಗ್ಗುಲಾಗಿ ಮಲಗಿದ್ರೆ ಸೊಂಟದ ಪಕ್ಕ, ಕಾಲಿನ ಗಿಣ್ಣು. ಆದ್ರೆ ಇವರ ಗಾಯ ಇರೋದು ಕೂರೋ ಮೂಳೆಗಳ ಸುತ್ತ. ಅದೂ ಬಿಲ್ಲಿನ ಹಾಗೆ ಬಾಗಿ. ನಡುವೆ ತೂತಿರೋ ಗಾಳಿ ತುಂಬಿದ ಟ್ಯೂಬ್ ಇರುತ್ತಲ್ಲ, ಅದರ ಮೇಲೆ ಕೂರಿಸಿದ್ದಾರೆ. ಮೆತ್ತಗಿರುತ್ತೆ, ಒಳ್ಳೇದು ಅಂತ ಜನ ಕೊಂಡು ತರ್ತಾರೆ. ಉಂಗುರದ ಅಂಚು ಸುತ್ತಲೂ ರಕ್ತ ಹಿಂಡಿಬಿಡುತ್ತೆ.”

“ಕೂರಿಸಿದ್ದಾರೆ?”

“ಒಂದು ಕ್ಷಣ ಅಲ್ಲ, ಗಂಟೆಗಟ್ಟಲೆ. ನಮಗೆ ಸ್ವಲ್ಪ ಕೂತ್ರೆ ಉರಿಯುತ್ತೆ, ಹೊರಳ್ತೀವಿ. ಇವರಿಗೆ ಉರಿಯೋದೇ ಗೊತ್ತಾಗಲ್ಲ. ಯಾರಾದ್ರೂ ಆಗಾಗ ಎತ್ತಿ ಭಾರ ಇಳಿಸ್ಬೇಕು. ಯಾರೂ ಇಳಿಸಿಲ್ಲ. ಇವರೂ ಕೈ ಊರಿ ಏಳಲಿಲ್ಲ. ಯಾಕಂದ್ರೆ...”

ಅವಳು ಮಾತು ನಿಲ್ಲಿಸಿದಳು. ಪಾದಗಳ ಮೇಲ್ಭಾಗ ಕಣ್ಣಿಗೆ ಬಿದ್ದಿತ್ತು. ಎರಡೂ ಪಾದಗಳ ಮೇಲೆ ಅಡ್ಡಡ್ಡ ಗೆರೆಗಳು, ಗೆರೆಯ ಕೊನೆಗಳಲ್ಲಿ ಪುಟ್ಟ ದುಂಡನೆಯ ಒತ್ತು.

“ಬೂಟಿನ ದಾರ!” ಎಂದಳು.

“ಏನು?”

“ಕಾಲು ಇಳಿಬಿಟ್ಟು ಕೂತು ಪಾದ ಊದಿದೆ, ಬೂಟು ಬಿಗಿಯಾಗಿ ದಾರ ಒತ್ತಿದೆ. ಹಾಸಿಗೆ ಹಿಡಿದವನಿಗೆ ಬೂಟು ಯಾತಕ್ಕೆ ಇನ್ಸ್‌ಪೆಕ್ಟರ್? ಹಾಸಿಗೆ ಮೇಲೆ ಕವಾಯತು ಮಾಡೋಕಾ?”

ಇನ್ಸ್‌ಪೆಕ್ಟರ್ ಈಗ ಮರೆತೇಬಿಟ್ಟರು, ತಮಗೆ ಗಾಯ ಕಂಡರೆ ಆಗುವುದಿಲ್ಲ ಎಂಬುದನ್ನು. ಎರಡು ಹೆಜ್ಜೆಗೆ ಮಂಚದ ಬಳಿ ಬಂದರು. ಪಾದ ನೋಡಿದರು, ನೇರಳೆ ಬಿಲ್ಲುಗಳನ್ನು ನೋಡಿದರು, ಹಾಸಿಗೆಯ ಅಂಚಿನಲ್ಲಿ ಆಡುತ್ತಿದ್ದ ಬೆರಳುಗಳನ್ನು ನೋಡಿದರು. ಬೆರಳುಗಳು ತಟ್ಟನೆ ನಿಂತವು.

“ಭಾನುವಾರ,” ಎಂದರು ನಿಧಾನವಾಗಿ. “ಪೇಟೆಗೆಲ್ಲ ರಜ. ಒಡವೆ ಅಂಗಡಿ ತಿಜೋರಿ ತೆಗೆದದ್ದೂ ಭಾನುವಾರ! ಒಂದು ಗೀರಿಲ್ಲ, ಒಂದು ತೂತಿಲ್ಲ. ಯಾರೋ ಕಿವಿ ಇಟ್ಟು, ಬೆರಳಲ್ಲಿ ತಿರುಗಿಸಿ, ಸಾವಧಾನವಾಗಿ ತೆಗೆದಿದ್ದಾರೆ. ಮೂರು ದಿನದಿಂದ ಊರಿನ ಪುಡಿಗಳ್ಳರನ್ನೆಲ್ಲ ಗುಡ್ಡೆ ಹಾಕಿ ಕೂತಿದೀನಿ. ಆ ತಿಜೋರಿ ತೆಗೆಯೋ ಶಕ್ತಿ ಇರೋನು ಒಬ್ಬನೇ, ಅವನು ಹಾಸಿಗೆ ಬಿಟ್ಟು ಏಳಲ್ಲ ಅಂತ ಈ ಮನೆ ಕಡೆ ತಲೆ ಹಾಕಿಯೂ ಮಲಗಿರ್ಲಿಲ್ಲ ನಾನು!”



“ಕೂತು ಏಳಲಿಲ್ಲ ಯಾಕೆ ಅಂದೆನಲ್ಲ,” ಗಾಯದಕ್ಕ ಪಿಸುಗುಟ್ಟಿದಳು. “ಎರಡೂ ಕೈಗೆ ಬೇರೆ ಕೆಲಸ ಇತ್ತು.”

ಅಣ್ಣನ ಮಗ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಇನ್ಸ್‌ಪೆಕ್ಟರ್ ಅವನ ಕಾಲರು ಹಿಡಿದು ಕುರ್ಚಿಗೆ ಕುಕ್ಕಿದರು.

“ಎಲ್ಲಿಗಪ್ಪ, ಹೆತ್ತ ಮಗನಂಥವನೇ?”

“ಸರ್, ನಾನಲ್ಲ! ನನಗೆ ತಿಜೋರಿ ಅಂದ್ರೆ ಏನೂ ಗೊತ್ತಿಲ್ಲ!”

“ಒಂದು ಅಂಗುಲ ಕೆಳಗಿಳಿಸಿಲ್ಲ ಅಂದ್ಯಲ್ಲ? ಬೂಟು ಹಾಸಿಗೆ ಹತ್ತಿ ಬಂತಾ?”

“ನನಗೇನು ಗೊತ್ತು ಸರ್, ನಾನು ಇಲ್ಲಿ ಇದ್ರೆ ತಾನೆ!”

ಮಾತು ಬಾಯಿಂದ ಬಿದ್ದ ಮೇಲೆ ಅವನೇ ಬಾಯಿ ಮುಚ್ಚಿಕೊಂಡ. ಕೈಯ ಎಣ್ಣೆ ಮೀಸೆಗೆಲ್ಲ ಮೆತ್ತಿತು.

“ಓಹೋ!” ನಾದಿನಿ ಸೊಂಟಕ್ಕೆ ಕೈ ಕೊಟ್ಟಳು. “ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದೋನು ಎಲ್ಲಿದ್ದಪ್ಪ?”

“ಗೆಳೆಯನ ಮನೇಲಿ. ಇಸ್ಪೀಟು. ಭಾನುವಾರ ಬೆಳಿಗ್ಗೆ ಹೋದವನು ಸಾಯಂಕಾಲ ಬಂದೆ. ಹೋಗುವಾಗ ಮಲಗಿದ್ರು, ಬಂದಾಗಲೂ ಮಲಗಿದ್ರು. ಇವತ್ತು ಆ ಬಣ್ಣ ನೋಡಿದ್ಮೇಲೆ ನಾನು ನೋಡ್ಕೊಳ್ದೆ ಇದ್ದದ್ದಕ್ಕೇ ಹೀಗಾಯ್ತು ಅಂತ ಹೆದರಿ... ಇವಳ ತಲೆಗೆ ಕಟ್ಟೋಣ ಅಂತ...”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನನ್ನನ್ನ ಎಮ್ಮೆ ಮಾಡ್ದ ನೋಡು ಅತ್ತಿಗೆ!”

“ಸುಳ್ಳು,” ಎಂದರು ಇನ್ಸ್‌ಪೆಕ್ಟರ್. “ಇಸ್ಪೀಟಿನ ಕತೆ ನನ್ನ ಹತ್ರ ಬೇಡ. ನೀನೇ ಚಿಕ್ಕಪ್ಪನ್ನ ಹೊತ್ಕೊಂಡು ಹೋದೆ. ನೀನೇ ವಾಪಸು ತಂದು ಮಲಗಿಸ್ದೆ.”

“ತಡೀರಿ,” ಎಂದಳು ಗಾಯದಕ್ಕ. ಅವಳ ಕಣ್ಣು ಹೊಳೆಯುತ್ತಿತ್ತು. ಇನ್ನೊಂದು ಎಳೆ ಕೈಗೆ ಸಿಕ್ಕಿತ್ತು. ಎಳೆಯದೆ ಬಿಡುವ ಜಾಯಮಾನ ಅವಳದ್ದಲ್ಲ. “ಏನಪ್ಪ, ಚಿಕ್ಕಪ್ಪನ್ನ ಹೇಗೆ ಎತ್ತುತೀಯ? ತೋರಿಸು. ಮುಟ್ಟಬೇಡ, ಈ ದೊಡ್ಡ ದಿಂಬನ್ನ ಚಿಕ್ಕಪ್ಪ ಅನ್ಕೋ.”

ಅವನು ಎದ್ದು ದಿಂಬಿನ ಕಂಕುಳಿಗೆ ಕೈ ಹಾಕಿದವನಂತೆ ಹಿಡಿದು ದರದರ ಎಳೆದ. ದಿಂಬಿನ ಚೀಲ ಹಾಸಿಗೆಗೆ ಉಜ್ಜಿ ಸುಕ್ಕುಗಟ್ಟಿತು.

“ಸಾಕು. ನೋಡಿದ್ರಾ ಇನ್ಸ್‌ಪೆಕ್ಟರ್? ಮೇಷ್ಟ್ರನ್ನ ಹೀಗೆ ಎಳೆದಿದ್ರೆ ಮೂಳೆ ಮುಂದೆ ಹೋಗುತ್ತೆ, ಚರ್ಮ ಹಾಸಿಗೆಗೆ ಅಂಟಿ ಹಿಂದೆ ಉಳಿಯುತ್ತೆ. ಬೆನ್ನಿನ ತುದಿ ತರಚಿ ಹೋಗ್ಬೇಕಿತ್ತು. ಅಲ್ಲಿ ಒಂದು ಕೂದಲೆಳೆಯಷ್ಟು ಗೀರೂ ಇಲ್ಲ. ಇವರನ್ನ ಹಾಸಿಗೆಯಿಂದ ಗಾಲಿ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ದಾಟಿಸಿದವರು ಎಳೆದಿಲ್ಲ. ಮಗ್ಗುಲಿಗೆ ಹೊರಳಿಸಿ, ಅಡಿಗೆ ನುಣುಪು ಬಟ್ಟೆ ಕೊಟ್ಟು, ಹಲಗೆ ಮೇಲೆ ಜಾರಿಸಿದ್ದಾರೆ. ಇದು ಕಲಿತ ಕೈ. ಚೆನ್ನಾಗಿ ಕಲಿತ ಕೈ!”

ಹೇಳುತ್ತ ಹೇಳುತ್ತ ಅವಳ ದನಿ ಉತ್ಸಾಹದಿಂದ ಏರಿತು. ಅಷ್ಟರಲ್ಲಿ ಅವಳ ಕಣ್ಣು ಮೂಲೆಗೆ ಹೋಯಿತು.

ನಾದಿನಿ ನೆಲ ನೋಡುತ್ತಿದ್ದಳು.

“ಕಲಿತ ಕೈ,” ಇನ್ಸ್‌ಪೆಕ್ಟರ್ ಆ ಮಾತನ್ನೇ ಹಿಡಿದರು. “ಯಾರು ಕಲಿಸ್ತಾರೆ ಇದನ್ನ?”

ಗಾಯದಕ್ಕ ದಿಂಬಿನ ಚೀಲದ ಸುಕ್ಕು ಸರಿಮಾಡಿದಳು.

ನಾದಿನಿಯನ್ನು ಉಳಿಸಲೆಂದೇ ಊಟ ಬಿಟ್ಟು ಓಡಿ ಬಂದಿದ್ದಳು. ಉಳಿಸಿಯೂ ಆಗಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಸಾಕು, ಅತ್ತಿಗೆ ನಾದಿನಿ ಇಬ್ಬರೂ ಕೈ ಬೀಸಿಕೊಂಡು ಮನೆಗೆ ಹೋಗಬಹುದು. ಆದರೆ ಹಾಗೆ ಮಾಡಿದರೆ, ದಿಂಬಿನ ಪಕ್ಕ ನಿಂತಿರುವ ಈ ಇಸ್ಪೀಟು ಶೂರನ ಕೊರಳಿಗೆ ಕಳ್ಳತನದ ಉರುಳು ಬೀಳುತ್ತದೆ. ಸುಳ್ಳುಗಾರ ನಿಜ. ಸೋಮಾರಿ ನಿಜ. ಕಳ್ಳನಲ್ಲ ಎಂದು ಮೇಷ್ಟ್ರ ಬೆನ್ನು ಹೇಳುತ್ತಿದೆ.

“ಸಿಸ್ಟರ್, ಕೇಳಿದ್ದು ನಿಮ್ಮನ್ನೇ.”

“ನಾನು,” ಎಂದಳು ಗಾಯದಕ್ಕ. “ನಾನು ಕಲಿಸ್ತೀನಿ. ಈ ಮನೆಗೆ ಬರೋರಲ್ಲಿ ನನ್ನ ಹತ್ರ ಕಲಿತದ್ದು ಒಬ್ಬಳೇ.”



ಮಂಚದಿಂದ ಮೇಷ್ಟ್ರ ದನಿ ಬಂತು. “ಅವ್ವ, ಅವಳನ್ನ ಬಿಡು. ಕೈ ಹಿಡಿದು ಬೇಡಿದ್ದು ನಾನು.”

“ನೀವು ಸುಮ್ನಿರಿ ಮೇಷ್ಟ್ರೇ,” ನಾದಿನಿ ತಲೆ ಎತ್ತಿದಳು. ಜ್ವರ ಬಿಟ್ಟ ಮುಖ ಮತ್ತೆ ಕಾದಿತ್ತು. “ನಾನೇ ಹೇಳ್ತೀನಿ. ಹೌದು ಸರ್, ಭಾನುವಾರ ಬೆಳಿಗ್ಗೆ ಬಂದೆ, ಎತ್ತಿ ಕಾರಿಗೆ ಕೂರಿಸಿದ್ದು ನಾನೇ. ನನ್ನ ಹಳೇ ಅಂಗಡಿ ಬೀದಿ ಒಂದ್ಸಲ ನೋಡ್ಬೇಕು ಕಣಮ್ಮ ಅಂತ ತಿಂಗಳಿಂದ ಗೋಗರೀತಿದ್ರು. ನೋಡ್ಕೊಂಡು ಬರ್ಲಿ ಅಂತ ಬೂಟು ಹಾಕಿ, ತಲೆ ಬಾಚಿ ಕಳಿಸ್ದೆ. ಮೆತ್ತನೆ ದಪ್ಪ ಸ್ಪಂಜಿನ ದಿಂಬು ಹಾಕಿದ್ದೆ ಅಡಿಗೆ. ಟ್ಯೂಬ್ ಮೇಲೆ ಕೂರಿಸೋ ಅಷ್ಟು ದಡ್ಡಿ ನಾನಲ್ಲ ಅತ್ತಿಗೆ, ಅದನ್ನ ಆಮೇಲೆ ಯಾರೋ ಹಾಕಿದ್ದಾರೆ; ನೀನು ಬೈದ ಬೈಗುಳ ಇನ್ನೂ ಕಿವೀಲಿದೆ. ಮೈ ಕೆಂಡವಾಗಿತ್ತು, ನಾನು ಮನೆಗೆ ಹೋಗಿ ಮಲಗಿಬಿಟ್ಟೆ. ಎತ್ತಿಳಿಸೋ ರೀತಿ ಹೇಳಿಕೊಟ್ಟು, ಬಟ್ಟೆ ಹಲಗೆ ಎಲ್ಲ ಕೈಗೆ ಕೊಟ್ಟು, ಒಂದು ಗಂಟೆ ಒಳಗೆ ವಾಪಸು ಮಲಗಿಸು ಅಂತ ಆಣೆ ತಗೊಂಡಿದ್ದೆ.”

“ಯಾರ ಕೈಗೆ?”

ನಾದಿನಿ ಅತ್ತಿಗೆಯ ಕಡೆ ತಿರುಗಿದಳು. ಅವಳು ಉತ್ತರವನ್ನು ಇನ್ಸ್‌ಪೆಕ್ಟರಿಗೆ ಕೊಡಲಿಲ್ಲ.

“ಅತ್ತಿಗೆ, ಇವತ್ತು ಬೆಳಿಗ್ಗೆ ಆ ಬಣ್ಣ ನೋಡಿದಾಗಲೇ ನನ್ನ ಎದೆ ಧಸಕ್ ಅಂತು. ಒಡವೆ ಅಂಗಡಿ ಸುದ್ದಿ ಗೊತ್ತಿತ್ತು. ಆದ್ರೂ ಬಾಯಿ ಬಿಡ್ಲಿಲ್ಲ. ನಾನೊಬ್ಬಳು ಜೈಲಿಗೆ ಹೋದ್ರೂ ಪರ್ವಾಗಿಲ್ಲ ಅನ್ಕೊಂಡೆ. ಅಣ್ಣ ಅತ್ತಿಗೆ ಸಂಸಾರ ನೆಟ್ಟಗಿರ್ಲಿ ಅಂತ.”

ಗಾಯದಕ್ಕ ಮಂಚದ ಅಂಚು ಹಿಡಿದಳು.

ಭಾನುವಾರ. ದೂರದ ಬಾಡಿಗೆ ಸಿಕ್ಕಿದೆ, ಬರೋದು ತಡವಾಗುತ್ತೆ ಎಂದು ಹೇಳಿ ಹೋಗಿದ್ದ ಗಂಡ. ಬಂದವನು ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದ್ದ.

“ನಿಮ್ಮ ಯಜಮಾನ್ರು ಕಾರು ಓಡಿಸ್ತಾರೆ ಅಲ್ವಾ?” ಇನ್ಸ್‌ಪೆಕ್ಟರ್ ದನಿಯಲ್ಲಿ ಈಗ ಗದರಿಕೆ ಇರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “ಈಗೆಲ್ಲಿದ್ದಾರೆ?”

ಅವಳು ಉತ್ತರ ಹೇಳುವ ಅಗತ್ಯವೇ ಬೀಳಲಿಲ್ಲ. ಕೆಳಗೆ ರಸ್ತೆಯಿಂದ ಹಾರ್ನ್ ಕೇಳಿಸಿತು. ಪೀಂ, ಪೀಂ. ಕಾದು ಬೇಜಾರಾದಾಗ ಹೆಂಡತಿಗೆ ಅವನು ಹಾಕುವ ಸದ್ದು. ಇಲ್ಲಿಗೆ ಅವಳನ್ನು ತಂದು ಬಿಟ್ಟವನು ಅವನೇ. ಮೇಲೆ ಬಾ ಎಂದರೆ “ನನಗ್ಯಾಕೆ ಪೊಲೀಸು ಗಿಲೀಸು” ಎಂದು ಕಾರಿನಲ್ಲೇ ಉಳಿದಿದ್ದ.

“ನಾನು ಓಡಿ ಕೆಳಗಿಳಿಯೋ ಹೊತ್ತಿಗೆ ಕಾರು ಇರಲ್ಲ,” ಇನ್ಸ್‌ಪೆಕ್ಟರ್ ಕಿಟಕಿಯತ್ತ ಕೈ ತೋರಿಸಿದರು. “ಅವರಾಗೇ ಮೇಲೆ ಬಂದ್ರೆ ಅವರಿಗೂ ಒಳ್ಳೇದು, ನಿಮಗೂ ಒಳ್ಳೇದು. ಕರೀರಿ ಸಿಸ್ಟರ್.”

“ಮೊದಲು ಮೇಷ್ಟ್ರ ಭಾರ ಇಳಿಸ್ತೀನಿ.”

“ಸಿಸ್ಟರ್!”

“ಅಲ್ಲಿ ಮಾಂಸ ಸಾಯ್ತಿದೆ. ನಿಮ್ಮ ಕೇಸಿಗೆ ಅದು ಕಾಯಲ್ಲ.”

ಅವಳ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಬೆನ್ನಿಗೆ ಓರೆಯಾಗಿ ದಿಂಬು. ಪೂರ್ತಿ ಮಗ್ಗುಲೂ ಅಲ್ಲ, ಅಂಗಾತವೂ ಅಲ್ಲ. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಹಾಸಿಗೆಯ ಸುಕ್ಕು ಎಳೆದು ನೇರ ಮಾಡಿದಳು. “ಇವತ್ತಿಂದ ಕೂರಿಸೋದು ಬಂದ್. ಗಾಳಿ ಹಾಸಿಗೆ ತರಿಸ್ತೀನಿ, ಡಾಕ್ಟ್ರು ಸಂಜೆ ಬಂದು ನೋಡ್ತಾರೆ,” ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು. ಆ ಬೆರಳುಗಳಿಗೆ ಕಬ್ಬಿಣದ ಬಲವಿತ್ತು.

“ಅವನು ಕಳ್ಳ ಅಲ್ಲವ್ವ,” ಎಂದರು ಉಸಿರಿನಲ್ಲಿ. “ತಿಜೋರಿ ತೆಗೆಸಿದೋರು ನನ್ನ ಹಾಗೇ ಅವನನ್ನೂ ಹೆದರಿಸಿದ್ರು. ಅವರು ಯಾರು ಅಂತ ಅವನೊಬ್ಬ ಬಾಯಿ ಬಿಟ್ರೆ ಗೊತ್ತಾಗುತ್ತೆ. ನಾನಂತೂ ಬಿಡಲ್ಲ.”

ಪೀಂ, ಪೀಂ.

ಗಾಯದಕ್ಕ ಕಿಟಕಿಗೆ ಬಂದಳು. ಮೂರು ಮಹಡಿ ಕೆಳಗೆ ಬಿಳಿ ಕಾರು. ಗಂಡ ಬಾಗಿಲಿಗೆ ಒರಗಿ ಮೇಲೆ ನೋಡುತ್ತಿದ್ದ. ಆಸ್ಪತ್ರೆಯ ಗೇಟಿನಲ್ಲಿ ದಿನವೂ ಕಾಯುವವನು ಅವನು. ಮಹಡಿಯಿಂದ ಕೂಗಿದರೆ ಕೇಳುವುದಿಲ್ಲವೆಂದು ಇಬ್ಬರೂ ಕೈಸನ್ನೆ ಮಾಡಿಕೊಂಡಿದ್ದರು. ಅಂಗೈ ತನ್ನ ಕಡೆ ಮಡಚಿದರೆ, ಮೇಲೆ ಬಾ. ಅಂಗೈ ಹೊರಗೆ ತೋರಿಸಿದರೆ, ನಿಲ್ಲಬೇಡ, ಹೊರಟುಹೋಗು.

ಇನ್ಸ್‌ಪೆಕ್ಟರಿಗೆ ಆ ಸನ್ನೆ ಗೊತ್ತಿಲ್ಲ. ನಾದಿನಿಗೆ ಗೊತ್ತು. ಅವಳ ಉಸಿರು ಹಿಂದೆಯೇ ಕೇಳಿಸುತ್ತಿತ್ತು.

“ಅತ್ತಿಗೆ...”

ಗಾಯದಕ್ಕ ಕೈಗವಸು ಕಳಚಿದಳು. ಕೆಳಗಿನ ಮುಖವನ್ನೇ ನೋಡುತ್ತ, ಕೈ ಎತ್ತಿದಳು.